ದೊಡ್ಡತ್ತೆಯ ಫೋನಿನಲ್ಲಿ ಹಿಡಿಸುವಷ್ಟು

ಅಪ್ಪನಿಗೆ ಬೀದಿಯವರು ಇಟ್ಟ ಹೆಸರು ‘ದೊಡ್ಡ ಸೈಜು’. ಆಳು ನೋಡಿದರೆ ಕುಳ್ಳ. ಸ್ಟುಡಿಯೋದ ಕೌಂಟರಿನ ಹಿಂದೆ ನಿಂತರೆ ಬೋಳುತಲೆ, ಅದರ ಕೆಳಗೊಂದು ಕನ್ನಡಕ, ಅಷ್ಟೇ ಕಾಣುವುದು. ಆ ಹೆಸರು ಅವನ ಬಾಯಿಂದ ಬಂದದ್ದು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನೂ ಅವನು ಸುಮ್ಮನೆ ಕಳಿಸಿದವನಲ್ಲ. "ಮುಖ ಎಷ್ಟು ಚೆನ್ನಾಗಿ ಬಂದಿದೆ ನೋಡಿ, ಒಂದು ದೊಡ್ಡ ಸೈಜು ಹಾಕಿಸಿಬಿಡಿ" ಅನ್ನುತ್ತಿದ್ದ. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಬಂದವನಿಗೂ ಇದೇ ಮಾತು ಹೇಳಿ ಬೈಸಿಕೊಂಡಿದ್ದ. ಫೋಟೋ ಎಂದ ಮೇಲೆ ಗೋಡೆ ತುಂಬಬೇಕು, ಚಿಕ್ಕದು ಮಾಡಿದರೆ ಅದರಲ್ಲಿರುವ ಮನುಷ್ಯನಿಗೆ ಅವಮಾನ, ಇದು ಅವನ ಸಿದ್ಧಾಂತ. ಇಂಥ ಅಪ್ಪನ ಜೊತೆ ಪುಟ್ಟಿ ವೆಬ್ ಪೇಜು ಮಾಡಲು ಹೊರಟಿದ್ದಳು.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯಲ್ಲ. ಮನೆಯಲ್ಲಿ ಕರೆದ ಹೆಸರು ಅಂಟಿಕೊಂಡುಬಿಟ್ಟಿದೆ, ಅಷ್ಟೇ. ಕ್ಯಾಮೆರಾ ಹಿಡಿದು ಈ ಊರಿನ ಅರ್ಧ ಮದುವೆಗಳನ್ನು ತೆಗೆದಿರುವುದು ಅವಳೇ. ಸ್ಟುಡಿಯೋ ಎರಡೇ ಕೋಣೆ. ಮುಂದಿನದರಲ್ಲಿ ಗಾಜಿನ ಶೋಕೇಸು, ಮೇಲಿಂದ ಇಳಿಬಿಡುವ ನೀಲಿ ಪರದೆ, ಕಡ್ಡಿ ಮುರಿದ ಬಿಳಿ ಕೊಡೆಯ ಲೈಟು, ಕೂತರೆ ಕಿರುಗುಟ್ಟುವ ತಿರುಗು ಸ್ಟೂಲು. ಕೌಂಟರಿನ ಒಂದು ತುದಿಯಲ್ಲಿ ಅಮ್ಮ ಕಟರ್ ಇಟ್ಟುಕೊಂಡು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾಳೆ, ಜೊತೆಗೆ ಗಂಡನ ಮಾತನ್ನೂ ಕತ್ತರಿಸುತ್ತಾಳೆ. ಹಿಂದಿನ ಕೋಣೆ ಡಾರ್ಕ್‌ರೂಮು. ಈಗ ಅಲ್ಲಿ ಯಾರೂ ಪ್ರಿಂಟು ತೊಳೆಯುವುದಿಲ್ಲ, ಪುಟ್ಟಿಯ ಕಂಪ್ಯೂಟರು ಕೂತಿದೆ. ಪ್ರಿಂಟು ತೊಳೆಯುತ್ತಿದ್ದ ಟ್ರೇಗಳಲ್ಲಿ ಅಮ್ಮ ಲಕೋಟೆ, ಗೋಂದು ತುಂಬಿಟ್ಟಿದ್ದಾಳೆ. ಕೆಂಪು ಬಲ್ಬನ್ನು ಮಾತ್ರ ತೆಗೆಯಲು ಅಪ್ಪ ಬಿಟ್ಟಿಲ್ಲ.

ಈ ಎರಡು ಕೋಣೆ ಅಪ್ಪನದಲ್ಲ. ಅವನ ಅಕ್ಕನದು. ಪುಟ್ಟಿಗೆ ಅವರು ದೊಡ್ಡತ್ತೆ. ತಮ್ಮ ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಕ್ಯಾಮೆರಾ ಕ್ಯಾಮೆರಾ ಎಂದು ಬಡಬಡಿಸುತ್ತಿದ್ದಾಗ, ನರ್ಸ್ ಕೆಲಸ ಮಾಡುತ್ತಿದ್ದ ಅಕ್ಕ ಅಂಗಡಿ ಕೊಂಡು, ಬೀಗದ ಕೈ ಅವನ ಅಂಗೈಗೆ ಹಾಕಿದ್ದರು. ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತು ಆಡಿದವರಲ್ಲ. ಈಗ ಅವರಿರುವುದು ಗುಡ್ಡದ ಮೇಲಿನ ಒಂದು ಊರಿನಲ್ಲಿ, ಮಗಳ ಮನೆಯಲ್ಲಿ. ಕರ್ಟನ್ ಹಾಕಲು ಹೋಗಿ ಸ್ಟೂಲಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದಾಗಲೇ ಪಕ್ಕದ ಚಪ್ಪಲಿ ಅಂಗಡಿಯವನು ಅವರಿಗೆ ಫೋನು ಮಾಡಿದ. ನಡುವಿನ ಗೋಡೆ ಒಡೆದು ತನ್ನ ಅಂಗಡಿ ದೊಡ್ಡದು ಮಾಡಬೇಕು, ಜಾಗ ಕೊಡಿ ಎಂದ. ಅಲ್ಲಿ ಯಾರು ಈಗ ಫೋಟೋ ತೆಗೆಸ್ತಾರೆ ಅಮ್ಮಾ, ಎಲ್ಲರ ಕೈಯಲ್ಲೂ ಫೋನಿದೆ, ನಿಮ್ಮ ತಮ್ಮ ದಿನವಿಡೀ ನೊಣ ಹೊಡೀತಾರೆ ಎಂದೂ ಸೇರಿಸಿದ.

ದೊಡ್ಡತ್ತೆ ಅಡ್ಡಗೋಡೆ ಮೇಲೆ ದೀಪ ಇಡುವವರಲ್ಲ. ನೇರ ತಮ್ಮನಿಗೆ ಫೋನು ಹಚ್ಚಿದರು.

"ಭಾನುವಾರ ಅವನಿಗೆ ಉತ್ತರ ಹೇಳ್ತೀನಿ ಅಂದಿದೀನಿ ಕಣೋ. ನೀನು ನಿಜವಾಗ್ಲೂ ನೊಣ ಹೊಡೀತಿದ್ರೆ ಹೇಳು, ಕೊಟ್ಟುಬಿಡೋಣ, ಬೇರೆ ಏನಾದ್ರೂ ನೋಡೋಣ. ಇಲ್ಲ, ಕೆಲಸ ನಡೀತಿದೆ ಅಂದ್ರೆ ತೋರಿಸು. ನನ್ನ ಕಾಲು ಕಟ್ಟಿಹಾಕಿದ್ದಾರೆ, ಬಂದು ನೋಡೋಕಾಗಲ್ಲ."

ಅಪ್ಪ ಫೋನು ಇಟ್ಟವನು ತಿರುಗು ಸ್ಟೂಲಿನ ಮೇಲೆ ಕೂತ. ಸ್ಟೂಲು ಕಿರುಗುಟ್ಟಿತು. ಪಕ್ಕದಲ್ಲೇ ಇದ್ದ ಪುಟ್ಟಿಗೆ ಎಲ್ಲ ಕೇಳಿಸಿತ್ತು. ಈ ಸ್ಟುಡಿಯೋ ಬಿಟ್ಟು ಬೇರೆ ಕಡೆ ಕೆಲಸ ಮಾಡುವುದನ್ನು ಅವಳು ಕನಸಿನಲ್ಲೂ ಎಣಿಸಿದವಳಲ್ಲ.

"ಅಪ್ಪಾ, ನಾವು ಒಂದು ಪೇಜು ಮಾಡೋಣ. ವೆಬ್ ಪೇಜು. ಅತ್ತೆ ಅಲ್ಲೇ ಕೂತು ನೋಡ್ಲಿ."

"ಮಾಡು. ಆದ್ರೆ ಫೋಟೋ ದೊಡ್ಡದಿರಬೇಕು" ಎಂದ ಅಪ್ಪ.

ಫೋಟೋ ಆರಿಸಿದ್ದು ಇಬ್ಬರೂ ಸೇರಿ. ಮೊದಲ ದಿನ ಶಾಲೆಗೆ ಹೊರಟ ಅವಳಿ ಹುಡುಗಿಯರು, ಬೇಕರಿಯವನ ಹಿಟ್ಟು ಮೆತ್ತಿದ ಮುಖ, ಹುಟ್ಟಿ ವಾರವಾದ ಮಗುವಿನ ಆಕಳಿಕೆ. ಅಪ್ಪನ ಅಚ್ಚುಮೆಚ್ಚಿನದು ಗಡಿಯಾರ ರಿಪೇರಿಯವನು ಮತ್ತು ಅವನ ಹೆಂಡತಿಯದು. ಗಂಭೀರವಾಗಿ ಕೂರಿ ಎಂದದ್ದಕ್ಕೇ ನಗು ಬಂದು, ನೀಲಿ ಪರದೆಯ ಮುಂದೆ ಒಬ್ಬರ ಹೆಗಲಿಗೆ ಒಬ್ಬರು ಒರಗಿಬಿಟ್ಟಿದ್ದರು.

ಆಮೇಲೆ ಪುಟ್ಟಿ ತನ್ನ ಕೆಲಸ ಶುರುಮಾಡಿದಳು. ದೊಡ್ಡತ್ತೆಯದು ಹಳೇ ಫೋನು. ಅವರ ಮನೆಯಲ್ಲಿ ಸಿಗ್ನಲ್ ಬರುವುದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ, ಅದೂ ಒಂದೇ ಕಡ್ಡಿ. ಕ್ಯಾಮೆರಾದಿಂದ ಬಂದ ಫೋಟೋ ಹಾಗೇ ಹಾಕಿದರೆ ಭಾನುವಾರವಲ್ಲ, ಮುಂದಿನ ಭಾನುವಾರಕ್ಕೂ ಇಳಿಯುವುದಿಲ್ಲ. ಒಂದೊಂದನ್ನೂ ನಕಲು ಮಾಡಿಕೊಂಡು, ಉದ್ದದ ಬದಿಯನ್ನು ಫೋನಿನ ತೆರೆಗೆ ಸಾಕಾಗುವಷ್ಟು ಇಳಿಸಿ, ಗುಣಮಟ್ಟದ ಗುಂಡಿಯನ್ನು ಕಣ್ಣಿಗೆ ಗೊತ್ತಾಗದಷ್ಟು ಹಿಂದಕ್ಕೆ ಸರಿಸಿ ಎಕ್ಸ್‌ಪೋರ್ಟ್ ಮಾಡಿದಳು. ಗೋಣಿಚೀಲದಷ್ಟು ಭಾರವಿದ್ದ ಫೋಟೋ ಬೊಗಸೆಯಷ್ಟಾಯಿತು.

ಬೆನ್ನ ಹಿಂದೆ ನಿಂತಿದ್ದ ಅಪ್ಪನಿಗೆ ಫೈಲಿನ ಸೈಜು ಕಂಡು ಎದೆ ಧಸಕ್ಕೆಂದಿತು.

"ಇದೇನೇ ಇದು! ಉಳಿದದ್ದೆಲ್ಲ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಅಪ್ಪ, ಒರಿಜಿನಲ್ ಹಾಗೇ ಇದೆ. ಇದು ನಕಲು. ಅಂಗೈಯಷ್ಟು ತೆರೆಗೆ ಅಷ್ಟೆಲ್ಲ ಬೇಕಾಗಲ್ಲ."

"ಅಂಗಡೀನೇ ಕೊಟ್ಟ ಅಕ್ಕನಿಗೆ ಸೋಸಿ ಉಳಿದ ಚರಟ ಕಳಿಸ್ತೀಯಾ?"

"ಅಪ್ಪಾ, ಕಿಟಕಿಗೆ ಬಾಗಿಲಿನ ಪರದೆ ಹಾಕಿದ್ರೆ ನೆಲದ ಮೇಲೆ ಎಳೆದಾಡುತ್ತೆ. ಎಷ್ಟು ಬೇಕೋ ಅಷ್ಟು."

"ಸರಿ ಸರಿ" ಎಂದ ಅಪ್ಪ. ಎರಡು ಸಲ ಸರಿ ಎಂದರೆ ಅಪ್ಪನಿಗೆ ಸರಿ ಅನಿಸಿಲ್ಲವೆಂದೇ ಅರ್ಥ. ಅದು ಪುಟ್ಟಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವತ್ತು ಸುಮ್ಮನಾದದ್ದೇ ಅವಳ ಎಡವಟ್ಟು. ಪೇಜಿನಲ್ಲಿ ಒಂದು ಫೋಟೋ ತೆಗೆದು ಇನ್ನೊಂದು ಹಾಕುವುದು ಹೇಗೆಂದು ಹಿಂದಿನ ದಿನವೇ ಅಪ್ಪನಿಗೆ ಮುತುವರ್ಜಿಯಿಂದ ಹೇಳಿಕೊಟ್ಟಿದ್ದಳು ಬೇರೆ.

ಶನಿವಾರ ಬೆಳಿಗ್ಗೆ ಅವಳು ದೊಡ್ಡತ್ತೆಗೆ ಪೇಜಿನ ಲಿಂಕು ಕಳಿಸಿ, ಶಾಲೆಯೊಂದರ ಗ್ರೂಪ್ ಫೋಟೋ ತೆಗೆಯಲು ಹೋದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನ ಸಾಲಿನವರು ಮುಂದಿನವರ ತಲೆಗೆ ಕೊಂಬು ಇಡದಂತೆ ಕಾದು, ಗಂಟಲು ಹರಿದುಕೊಂಡು ಮಧ್ಯಾಹ್ನ ವಾಪಸು ಬಂದರೆ ಅಮ್ಮ ಫೋನು ಕೈಗಿತ್ತಳು.

"ನಿಮ್ಮತ್ತೆ. ಸ್ವಲ್ಪ ಬಿಸಿಯಾಗಿದ್ದಾರೆ."

"ಪುಟ್ಟೀ," ದೊಡ್ಡತ್ತೆಯ ದನಿ ಕೇಳಿಸಿತು, "ನೀವು ಬಟ್ಟೆ ಅಂಗಡಿ ಇಟ್ಟಿದೀರೇನೇ?"

"ಯಾಕತ್ತೆ?"

"ಬೆಳಿಗ್ಗೆಯಿಂದ ಕಿಟಕಿಗೆ ಅಂಟಿಕೊಂಡು ಕೂತಿದೀನಿ. ಒಂದು ನೀಲಿ ಬಟ್ಟೆ ಪಟ್ಟಿ ಬಂತು. ಅದರ ಕೆಳಗೆ ಬೂದು ಡಬ್ಬ. ಆಮೇಲೆ ಇನ್ನೊಂದು ನೀಲಿ ಪಟ್ಟಿ. ಒಂದು ನರಪಿಳ್ಳೆ ಇಲ್ಲ! ಆ ಚಪ್ಪಲಿಯವನು ಹೇಳಿದ್ದೇ ನಿಜವೇನೋ ಅನ್ನಿಸ್ತಿದೆ ಕಣೇ. ಯಾರೂ ಬರ್ತಿಲ್ಲ ಅಂದ್ರೆ ಹೇಳಿಬಿಡಿ, ನಾನೇನು ಬೈಯಲ್ಲ. ನಾಳೆ ಅವನು ಫೋನ್ ಮಾಡ್ತಾನೆ."

ಪುಟ್ಟಿ ಡಾರ್ಕ್‌ರೂಮಿಗೆ ಓಡಿ ಪೇಜು ತೆರೆದು ನೋಡಿದಳು. ಅವಳು ಹಾಕಿದ್ದ ಒಂದು ಫೋಟೋವೂ ಅಲ್ಲಿರಲಿಲ್ಲ. ಎಲ್ಲದರ ಜಾಗದಲ್ಲಿ ಕ್ಯಾಮೆರಾದ ಒರಿಜಿನಲ್ಲುಗಳು ಮೈ ಚಾಚಿ ಮಲಗಿದ್ದವು.

"ಅಪ್ಪಾ!"

ಅಪ್ಪ ಶೋಕೇಸಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ಬದಲಾಯಿಸಿದ್ಯಾ?"

"ಅಕ್ಕನಿಗೆ ಒಳ್ಳೇದೇ ಹೋಗ್ಲಿ ಅಂತ..."

"ಒಳ್ಳೇದು ಹೋಗಲೇ ಇಲ್ಲ! ಪರದೆ ಮಾತ್ರ ಹೋಗಿದೆ! ಅತ್ತೆ ನಮ್ಮನ್ನ ಬಟ್ಟೆ ಅಂಗಡಿ ಅಂದ್ರು!"

"ರೀ," ಅಮ್ಮ ಕಟರ್ ಕೆಳಗಿಟ್ಟಳು, "ಚಪ್ಪಲಿಯವನು ಗೋಡೆ ಒಡೆಯೋಕೆ ಸುತ್ತಿಗೆ ಹುಡುಕ್ತಿದ್ದ, ನೀವೇ ತಗೊಂಡು ಹೋಗಿ ಕೊಟ್ಟು ಬಂದಿದೀರಿ."

ಅಪ್ಪ ಅಂದು ಬೈಸಿಕೊಂಡಷ್ಟು ಹಿಂದೆಂದೂ ಬೈಸಿಕೊಂಡಿರಲಿಲ್ಲ. ಒರೆಸುವ ಬಟ್ಟೆಯನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದ. ಅದನ್ನು ಕಂಡು ಪುಟ್ಟಿಯ ಸಿಟ್ಟು ಅರ್ಧಕ್ಕೆ ಇಳಿಯಿತು. ಮೋಸ ಮಾಡಲು ಮಾಡಿದ್ದಲ್ಲ, ಪ್ರೀತಿ ಜಾಸ್ತಿಯಾಗಿ ಮಾಡಿದ್ದು. ಅವನ ಪ್ರೀತಿಗೂ ಸೈಜು ಇಳಿಸಲು ಬರುವುದಿಲ್ಲ.

"ಬಾ ಇಲ್ಲಿ" ಎಂದು ಅವನ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದಳು. "ಅತ್ತೆ ಏನು ನೋಡಿದ್ರು ಅಂತ ನೀನೂ ನೋಡು."

ಬ್ರೌಸರಿನಲ್ಲಿ ಇಂಟರ್ನೆಟ್ಟನ್ನು ಬೇಕೆಂದೇ ನಿಧಾನ ಮಾಡಿ ನೋಡುವ ಸೌಲಭ್ಯವಿದೆ. ಅದನ್ನು ಒತ್ತಿ ಪೇಜು ತೆರೆದಳು. ಗಡಿಯಾರದವನ ಫೋಟೋ ಇರಬೇಕಾದ ಕಡೆ ನೀಲಿ ಪರದೆಯ ಒಂದು ಎಳೆ ಬಂತು, ಇನ್ನೊಂದು ಎಳೆ ಬಂತು, ನಿಂತಿತು. ಅಪ್ಪ ಕಾದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಕಾದ. ಗಡಿಯಾರದವನ ನೆತ್ತಿಯ ನಾಲ್ಕು ಕೂದಲು ಕಂಡವು, ನಗು ಬರಲೇ ಇಲ್ಲ.

"ಪಾಪ ಅಕ್ಕ" ಎಂದ ಅಪ್ಪ, ಮೆಲ್ಲಗೆ. "ಬೆಳಿಗ್ಗೆಯಿಂದ ಇದನ್ನೇ ನೋಡಿದ್ಲಾ?"

"ಹೂಂ. ಈಗ ಚಿಕ್ಕದು ಮಾಡೋದು ನೋಡು."

ಗಡಿಯಾರದವನನ್ನು ಮತ್ತೆ ಎಕ್ಸ್‌ಪೋರ್ಟಿಗೆ ತಂದಳು. ಸೈಜು ಇಳಿಸಿದಳು, ಗುಣಮಟ್ಟ ಸರಿಸಿದಳು. ಗುಂಡಿ ಒತ್ತುವಾಗ ಕೆಳಗೆ ‘ಪ್ರೋಗ್ರೆಸ್ಸಿವ್’ ಎಂದು ಬರೆದ ಒಂದು ಸಣ್ಣ ಚೌಕ ಕಣ್ಣಿಗೆ ಬಿತ್ತು. ದಿನಾ ಕಂಡರೂ ಅವಳು ಅದರ ತಂಟೆಗೆ ಹೋದವಳಲ್ಲ. ಫೋಟೋ ಮೇಲಿಂದ ಪಟ್ಟಿಪಟ್ಟಿಯಾಗಿ ಇಳಿಯುವ ಬದಲು, ಮೊದಲು ಪೂರ್ತಿ ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುವಂತೆ ಮಾಡುವ ಏರ್ಪಾಡು ಅದು. ಒಂದೇ ಕಡ್ಡಿ ಸಿಗ್ನಲಿನಲ್ಲಿ ಕೂತವರಿಗೆ ಬೇಕಾದದ್ದು ಇದೇ ಅಲ್ಲವೇ ಅನಿಸಿತು. ಟಿಕ್ ಹಾಕಿ, ಪೇಜಿಗೇರಿಸಿ, ಅದೇ ನಿಧಾನದಲ್ಲಿ ಮತ್ತೆ ತೆರೆದಳು.

ಮೊದಲು ನೀಲಿಯ ನಡುವೆ ಎರಡು ಮಬ್ಬು ಗುಡ್ಡೆ ಕಂಡವು. ಆಮೇಲೆ ಗುಡ್ಡೆಗಳಿಗೆ ಹೆಗಲು ಬಂದವು. ತಲೆಗಳು ಒಂದಕ್ಕೊಂದು ತಾಗಿದವು. ಮಸುಕಿನೊಳಗಿಂದ ಹುಬ್ಬು, ಮೂಗು, ಹಲ್ಲು ಒಂದೊಂದೇ ಮೇಲೆದ್ದು ಬಂದವು.

ಅಪ್ಪ ದಡಬಡ ಎದ್ದ. ಏನಾಯಿತೋ ಎಂದು ಪುಟ್ಟಿ ಗಾಬರಿಯಾದಳು. ಅವನು ನೇರ ಗೋಡೆಗೆ ಹೋಗಿ ಟ್ಯೂಬ್‌ಲೈಟ್ ಆರಿಸಿ, ಕೆಂಪು ಬಲ್ಬು ಹಾಕಿ, ಬಾಗಿಲು ಮುಚ್ಚಿ ಬಂದ. ಕೈ ತಾನಾಗಿಯೇ ಮಾಡಿದ ಕೆಲಸ ಅದು, ತಲೆಯನ್ನು ಕೇಳಿ ಮಾಡಿದ್ದಲ್ಲ.

"ಟ್ರೇಲಿ ಬರೋ ಹಾಗೇ ಬರ್ತಿದೆಯಲ್ಲೇ ಪುಟ್ಟೀ! ಮೊದಲು ಏನೂ ಇರ್ತಿರಲಿಲ್ಲ, ಬಿಳೀ ಕಾಗದ. ಔಷಧಿ ನೀರಲ್ಲಿ ಅಲುಗಾಡಿಸ್ತಾ ಇದ್ರೆ ಮೆಲ್ಲಗೆ ಹೀಗೇ... ಹೀಗೇ ಬರೋರು ಜನ! ಇನ್ನೊಂದು ಸಲ ತೋರ್ಸು!"

ಕೆಂಪು ಬೆಳಕಿನಲ್ಲಿ ಇಬ್ಬರೂ ಗಡಿಯಾರದವನ ಸಂಸಾರವನ್ನು ಮತ್ತೆ ಮತ್ತೆ ಮಸುಕಿನಿಂದ ಎಬ್ಬಿಸಿದರು. ಅಪ್ಪನ ಮುಖ ನೋಡಿ ಪುಟ್ಟಿಗೆ ಎಷ್ಟು ಖುಷಿಯಾಯಿತೆಂದರೆ, ಅತ್ತೆ, ಅಂಗಡಿ, ಭಾನುವಾರ ಎಲ್ಲವೂ ಒಂದು ಗಳಿಗೆ ಮರೆತುಹೋದವು.

ಅಲ್ಲಿಂದ ಮುಂದೆ ಅಪ್ಪನನ್ನು ಹಿಡಿಯುವವರಿರಲಿಲ್ಲ. ಮೌಸು ಕಿತ್ತುಕೊಂಡ. ಚಿಕ್ಕದು ಮಾಡುವುದು ಪಾಪ ಎನ್ನುತ್ತಿದ್ದವನೇ ಈಗ ಚಿಕ್ಕದಕ್ಕೆ ವಕೀಲನಾದ. "ಮದುವೆ ಗುಂಪು ಬೇಡ ಇದು, ಇಷ್ಟು ಇಳಿಸಿದ್ರೆ ಮುಖ ಎಲ್ಲ ಸಾಸಿವೆ ಆಗುತ್ತೆ. ಒಂದೇ ಮುಖ ಇರೋದು ಹಾಕು" ಎಂದ. ಅದು ಪುಟ್ಟಿಗೆ ಹೊಳೆದಿರಲಿಲ್ಲ. ಇಳಿಸಿದ ಮೇಲೆ ಕಣ್ಣುಗಳು ಸ್ವಲ್ಪ ಮಂಕಾಗುತ್ತವೆ, ಶಾರ್ಪ್‌ನೆಸ್ ಒಂದು ಚಿಟಿಕೆ ಏರಿಸಬೇಕೆಂದು ಅವಳು ತೋರಿಸಿದಳು. ಅವನು ಒಂದು ಹಿಡಿಯೇ ಏರಿಸಿದ, ಮಗುವಿಗೆ ಗಡ್ಡ ಬಂದಂತೆ ಕಂಡಿತು, ಬೈಸಿಕೊಂಡು ಕೆಳಗಿಳಿಸಿದ. ಅಮ್ಮ ಬಾಗಿಲು ತಟ್ಟಿ, ಗಿರಾಕಿ ಕಾಯ್ತಿದ್ದಾರೆ, ಅಪ್ಪ ಮಗಳು ಕತ್ತಲಲ್ಲಿ ಏನು ಮೊಟ್ಟೆ ಮರಿ ಮಾಡ್ತಿದೀರಾ ಎಂದು ಕೂಗಿದಳು.

ಎಲ್ಲ ಮುಗಿದು ಸಂಜೆಯಾಗುವ ಹೊತ್ತಿಗೆ ಅಪ್ಪ ಬೀರುವಿನ ಮೇಲಿಂದ ಹಳೇ ಬಿಸ್ಕತ್ತು ಡಬ್ಬಿ ಇಳಿಸಿದ. ಅದರಿಂದ ಏನೋ ಒಂದನ್ನು ತೆಗೆದು ಸ್ಕ್ಯಾನರಿಗೆ ಮುಖ ಅಡಿಮಾಡಿ ಇಟ್ಟ.

"ಇದೊಂದು ನಾನೇ ಮಾಡ್ತೀನಿ. ನೀನು ನೋಡ್ಬಾರ್ದು."

"ಅಪ್ಪಾ, ಮತ್ತೆ ಒರಿಜಿನಲ್ ಹಾಕ್ತೀಯಾ?"

"ಇಲ್ಲ ಮಾರಾಯ್ತಿ! ಸೈಜು ಇಳಿಸ್ತೀನಿ, ಟಿಕ್ ಹಾಕ್ತೀನಿ. ನನ್ನಾಣೆ."

ಈ ಸಲ ಸರಿ ಸರಿ ಅನ್ನಲಿಲ್ಲವಲ್ಲ ಎಂದು ಪುಟ್ಟಿ ಹೊರಗೆ ಹೋದಳು.

ಭಾನುವಾರ ಬೆಳಿಗ್ಗೆ ದೊಡ್ಡತ್ತೆ ಪಕ್ಕದ ಮನೆಯ ಟೀಚರಮ್ಮನ ಫೋನಿನಿಂದ ಮಾತಾಡಿದರು. ತಮ್ಮದೇ ಫೋನಿನಲ್ಲಿ ಪೇಜು ತೆರೆದಿದ್ದರು. ಅಂಗಡಿಯಲ್ಲಿ ಸ್ಪೀಕರು ಹಾಕಿ, ಫೋನನ್ನು ತಿರುಗು ಸ್ಟೂಲಿನ ಮೇಲಿಟ್ಟು, ಮೂವರೂ ಸುತ್ತ ನಿಂತರು. ಪಕ್ಕದಲ್ಲಿ ಚಪ್ಪಲಿಯವನು ಶಟರು ಎತ್ತುವ ಸದ್ದು ಕೇಳುತ್ತಿತ್ತು.

"ಏನೋ ಬಂತು" ಎಂದರು ದೊಡ್ಡತ್ತೆ. "ಬಂತು, ಮಸುಕಾಗಿದೆ. ಎರಡು... ಎರಡು ಮೂಟೆ ಇದ್ದ ಹಾಗಿದೆ. ಅಯ್ಯೋ, ಮೂಟೆ ಅಲ್ಲ, ಜನ! ನಗ್ತಿದ್ದಾರೆ ಕಣೋ! ಯಾರೋ ಇವರು ಇಷ್ಟು ಚೆಂದ ನಗೋರು?"

"ಗಡಿಯಾರದವನು ಅಕ್ಕಾ."

"ಆ ಸಿಡುಕನಾ? ಅವನನ್ನ ನಗಿಸಿದ್ಯಾ!"

ಒಂದೊಂದೇ ಬಂದವು. ಕಿಟಕಿಯ ಹೊರಗೆ ನಿಂತು ಇಣುಕುತ್ತಿದ್ದ ಟೀಚರಮ್ಮನಿಗೂ, ಹಾಲಿನವಳಿಗೂ ಅದು ಆಟವಾಯಿತು. ಮಸುಕು ಇರುವಾಗಲೇ ಯಾರೆಂದು ಹೇಳಬೇಕು. ಬೇಕರಿಯವನನ್ನು ಹಾಲಿನವಳು ಬಿಳಿ ಬೆಕ್ಕು ಎಂದಳು. ಅವಳಿ ಹುಡುಗಿಯರು ಬಂದಾಗ ಟೀಚರಮ್ಮ, ನಿಮ್ಮ ಫೋನು ಕೆಟ್ಟು ಒಂದನ್ನೇ ಎರಡು ತೋರಿಸ್ತಿದೆ ಎಂದರು. ಮಗುವಿನ ಆಕಳಿಕೆ ಪೂರ್ತಿ ಬರುವಷ್ಟರಲ್ಲಿ ದೊಡ್ಡತ್ತೆಗೂ ಆಕಳಿಕೆ ಬಂತು, ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಪುಟ್ಟಿ ಮಾತ್ರ ನಗುತ್ತಲೇ ಉಗುರು ಕಚ್ಚುತ್ತಿದ್ದಳು. ಅಂಗಡಿಯ ಮಾತು ಇನ್ನೂ ಬಂದಿರಲಿಲ್ಲ.

"ಕೊನೇದು ಒಂದು ಉಳಿದಿದೆ" ಎಂದರು ದೊಡ್ಡತ್ತೆ. "ಮಸುಕಾಗಿ ಬಂತು. ಬಾಗಿಲು ಇರಬೇಕು. ಯಾರೋ ನಿಂತಿದ್ದಾರೆ, ಕೈ ಎತ್ತಿದ್ದಾರೆ. ಇರು, ಸ್ಪಷ್ಟ ಆಗ್ಲಿ."

ಕಾದರು. ಅಪ್ಪ ನೆಲ ನೋಡುತ್ತಿದ್ದ.

"ಆಗ್ತಿಲ್ವಲ್ಲೋ. ಉಳಿದದ್ದೆಲ್ಲ ಇಷ್ಟು ಹೊತ್ತಿಗೆ ಆಗಿತ್ತು. ಸಿಗ್ನಲ್ ಹೋಯ್ತೋ ಏನೋ, ಫೋನ್ ಸ್ವಲ್ಪ ಈ ಕಡೆ ಹಿಡೀತೀನಿ."

ಎಲ್ಲ ಸರಿಹೋಯಿತು ಅನ್ನುವಾಗ ಅಪ್ಪ ಏನೋ ತಪ್ಪು ಗುಂಡಿ ಒತ್ತಿದ್ದಾನೆ! ಪುಟ್ಟಿ ಡಾರ್ಕ್‌ರೂಮಿಗೆ ಓಡಿ ಪೇಜು ನೋಡಿದಳು. ಬಾಗಿಲಲ್ಲಿ ಒಬ್ಬ ಹೆಂಗಸು, ಮಸುಕು ಮಸುಕು. ಸ್ಕ್ಯಾನರಿನ ಮುಚ್ಚಳ ಎತ್ತಿ, ಒಳಗೆ ಇನ್ನೂ ಇದ್ದ ಸಣ್ಣ ಪ್ರಿಂಟು ಹಿಡಿದು ನೋಡಿದಳು. ಅದೂ ಮಸುಕೇ. ಹಳದಿಗಟ್ಟಿದ ಕಾಗದದಲ್ಲಿ ಇದೇ ಅಂಗಡಿಯ ಬಾಗಿಲು, ನರ್ಸಿನ ಬಿಳಿ ಬಟ್ಟೆಯಲ್ಲಿ ಹರೆಯದ ಹೆಂಗಸು, ಎತ್ತಿದ ಕೈಯಲ್ಲಿ ಬೀಗದ ಕೈ. ಮುಖ ಅಲುಗಾಡಿದೆ, ನಗುತ್ತಿದ್ದಾರೆಂದು ಮಾತ್ರ ಗೊತ್ತಾಗುತ್ತದೆ. ಪ್ರಿಂಟು ಹಿಡಿದು ಹೊರಗೆ ಬಂದಾಗ ಅಪ್ಪ ಸ್ಟೂಲಿನ ಮುಂದೆ ಬಗ್ಗಿ ನಿಂತಿದ್ದ.

"ಕಾಯಬೇಡ ಅಕ್ಕಾ. ಅದು ಅಷ್ಟೇ ಬರೋದು."

"ಯಾಕೋ?"

"ನೀನು ಬೀಗದ ಕೈ ಕೊಟ್ಟೆಯಲ್ಲ, ಅವತ್ತು ತೆಗೆದದ್ದು. ನನ್ನ ಕೈ ನಡುಗ್ತಿತ್ತು. ಖುಷೀಗೆ."

ಸಿಗ್ನಲ್ ಹೋಯಿತೇ ಎಂದು ಅಮ್ಮ ಕತ್ತು ಚಾಚಿ ನೋಡಿದಳು. ಹೋಗಿರಲಿಲ್ಲ.

"ರೀಲು ಹಾಳಾಯ್ತು ಅಂದಿದ್ದೆಯಲ್ಲೋ ಕಳ್ಳ" ಎಂದರು ದೊಡ್ಡತ್ತೆ. ದನಿ ಒದ್ದೆಯಾಗಿತ್ತು.

"ನಾಚಿಕೆ ಆಗಿತ್ತು. ನೀನು ನನ್ನ ನಂಬಿ ಅಂಗಡೀನೇ ಕೊಟ್ಟಿದೀಯ, ನಾನು ತೆಗೆದ ಮೊದಲನೇ ಫೋಟೋನೇ ಹೀಗೆ. ಹೇಗೆ ತೋರಿಸ್ಲಿ? ನಿನ್ನೆ ಪುಟ್ಟಿ ತೋರಿಸಿದ್ಲು, ಎಲ್ಲ ಫೋಟೋನೂ ಮೊದಲು ಮಸುಕಾಗೇ ಬರುತ್ತಂತೆ. ಅದರ ಜೊತೆ ಇದೂ ಸೇರ್ಕೊಳ್ಳಲಿ ಅಂತ..."

"ಸುಮ್ನಿರು" ಎಂದರು ದೊಡ್ಡತ್ತೆ. ಮೂಗು ಸೊರಕ್ ಎಂದದ್ದು ಕೇಳಿಸಿತು. "ಏನು ಕುಣೀತಿದೀನೋ ನಾನು ಅದರಲ್ಲಿ! ಈಗ ನೋಡು, ಕಾಲಿಗೆ ಸುಣ್ಣ ಮೆತ್ತಿದ್ದಾರೆ."

ಪುಟ್ಟಿಗೂ ಕಣ್ಣು ತುಂಬಿತು. ತಡೆಯಲಾರದೆ ಕೇಳಿಯೇಬಿಟ್ಟಳು. "ಅತ್ತೆ, ಚಪ್ಪಲಿಯವರಿಗೆ ಏನು ಹೇಳ್ತೀರಿ?"

"ಅವನಿಗೇನು? ಗೋಡೆ ಮುಟ್ಟಬೇಡ, ಅದಕ್ಕೆ ಕೆಲಸ ಇದೆ ಅಂತೀನಿ. ಲೋ, ಕೇಳಿಸ್ಕೋ. ಆ ಕೊನೇ ಫೋಟೋ ದೊಡ್ಡ ಸೈಜು ಹಾಕಿಸು. ಗೋಡೆ ತುಂಬ. ಅವನ ಅಂಗಡಿ ಕಡೆ ಗೋಡೆಗೇ ಹಾಕು."

"ಅತ್ತೆ, ಪ್ರಿಂಟು ಬಹಳ ಚಿಕ್ಕದು" ಎಂದಳು ಪುಟ್ಟಿ, ಅಭ್ಯಾಸಬಲದಿಂದ. "ಅಷ್ಟು ಹಿಗ್ಗಿಸಿದ್ರೆ ಇನ್ನೂ ಮಸುಕಾಗುತ್ತೆ."

"ಇನ್ನೂ ಮಸುಕಾಗೋಕೆ ಏನುಳಿದಿದೆಯೇ ಅದರಲ್ಲಿ!" ಎಂದು ದೊಡ್ಡತ್ತೆ ನಕ್ಕರು. ಅವರ ಹಿಂದೆ ಟೀಚರಮ್ಮ, ಹಾಲಿನವಳು ಎಲ್ಲ ನಕ್ಕದ್ದು ಕೇಳಿಸಿತು.

ಪುಟ್ಟಿ ಅಪ್ಪನ ಕಡೆ ತಿರುಗಿದಳು. ಅಪ್ಪ ಅಲ್ಲಿರಲಿಲ್ಲ. ಆಗಲೇ ಅಳತೆ ಟೇಪು ಹಿಡಿದು ಗೋಡೆಯ ಬುಡದಲ್ಲಿ ತುದಿಗಾಲಿನ ಮೇಲೆ ನಿಂತಿದ್ದ. ಮೇಲಿನ ಅಂಚು ಅವನಿಗೆ ಎಟುಕುತ್ತಿರಲಿಲ್ಲ. ಪುಟ್ಟಿ ಹೋಗಿ ಟೇಪಿನ ಇನ್ನೊಂದು ತುದಿ ಹಿಡಿದಳು.